ಗೇಟಿನ ತಿಂಗಳು

ತಾಳಗುಪ್ಪದ ಗಾಡಿಗೆ ಗೇಟು ಹಾಕಿದ್ದೆ.
ಲೂನಾ ಆರಿಸಿ, ಸ್ಟ್ಯಾಂಡು ಹಾಕಿ,
ಜೋಯಿಸ ಮೇಷ್ಟ್ರು ಸೀದಾ ನನ್ನ ಗೂಡಿನ ಗೋಡೆಗೇ ಬಂದರು.
ಅವರ ಜೇಬಲ್ಲಿ ಭಾನುವಾರವೂ ಒಂದು ತುಂಡು ಸೀಮೆಸುಣ್ಣ ಇರುತ್ತದೆ.

"ಗುತ್ಯಮ್ಮ, ನನ್ನದು ಎಷ್ಟು ತಿಂದಿದ್ದೀಯ ಗೊತ್ತಾ?"
ನಾನು ತಿಂದದ್ದು ಬೆಳಿಗ್ಗೆ ಎರಡು ರೊಟ್ಟಿ, ಸೌತೆಕಾಯಿ ಪಲ್ಯ.

ಹೋಗುವಾಗ ಆರು ನಿಮಿಷ, ಬರುವಾಗ ಆರು.
ಶಾಲೆ ವರ್ಷಕ್ಕೆ ಇನ್ನೂರ ನಲವತ್ತು ದಿನ.
ಗುಣಿಸಿದರು: ಎರಡು ಸಾವಿರದ ಎಂಟುನೂರ ಎಂಬತ್ತು.
ಅರವತ್ತರಿಂದ ಭಾಗಿಸಿದರು, ನಲವತ್ತೆಂಟು ಗಂಟೆ.
ಇಪ್ಪತ್ತನಾಲ್ಕರಿಂದ, ಎರಡು ದಿನ.
ಶೇಷ ಸೊನ್ನೆ.
ಸೊನ್ನೆ ಬಂದದ್ದಕ್ಕೆ ಅವರಿಗೇ ಖುಷಿಯಾಗಿ
ಬೈಯಲು ಬಂದದ್ದು ಮರೆತು ಗೋಡೆ ನೋಡಿ ನಕ್ಕರು.

"ನೀನು ಇಲ್ಲಿಗೆ ಬಂದು ಹದಿನೈದು ವರ್ಷ. ಈಗ ನೀನೇ ಹೇಳು."
ಮೂವತ್ತು, ಅಂದೆ.
"ಒಂದು ತಿಂಗಳು! ಕೊಡು ವಾಪಸ್ಸು."

ಯಾವುದು ಕೊಡಲಿ ಮೇಷ್ಟ್ರೇ?
ಆಷಾಢ ಕೊಟ್ಟರೆ ನೀವು ಒಲ್ಲೆ ಅಂತೀರಿ,
ಕಾರ್ತಿಕ ಕೊಡಲು ನನ್ನ ಹತ್ತಿರ ಇಲ್ಲ.
ನಿಮಿಷಕ್ಕೆ ಹೆಸರಿಲ್ಲ, ಅದನ್ನು ಯಾರೂ ಕೂಗಿ ಕರೆಯುವುದಿಲ್ಲ.
ತಿಂಗಳು ಅಂದ ಕೂಡಲೇ ಹೆಸರು ಬೇಕು, ಹುಣ್ಣಿಮೆ ಬೇಕು,
ಸಂಬಳ ಬೇಕು, ಬಾಡಿಗೆ ಕೇಳಲು ಮೆಟ್ಟಿಲು ಹತ್ತುವ ಓನರ್ ಬೇಕು.
ನನ್ನ ಗೇಟಿನಲ್ಲಿ ಬಿದ್ದದ್ದು ಬರೀ ಚಿಲ್ಲರೆ:
ಆಕಳಿಕೆ, ಹಾರ್ನು,
ಗಾಜು ಇಳಿಸಿ ಬೈದು ಮತ್ತೆ ಗಾಜು ಏರಿಸುವ ಕಾರು,
ಒಂದು ಪೊಟ್ಟಣ ಬಿಸಿ ಶೇಂಗಾ.

ಮೇಷ್ಟ್ರ ಅಪ್ಪ ಪಂಚಾಂಗ ಬರೆಯುತ್ತಿದ್ದವರು.
"ಹಾಗಾದರೆ ಇದು ಅಧಿಕ ಮಾಸ," ಅಂದರು.
"ಚಂದ್ರನ ವರ್ಷಕ್ಕೆ ಸೂರ್ಯನ ಹತ್ತಿರ
ವರ್ಷಾ ವರ್ಷಾ ಹನ್ನೊಂದು ದಿನ ಸಾಲ.
ಸಾಲ ಬೆಳೆದು ತಿಂಗಳಾದಾಗ ಎತ್ತಿ ಒಂದು ಕಡೆ ಇಡುತ್ತಾರೆ.
ಅದರಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ.
ನಿನ್ನ ಗೇಟಿನಲ್ಲೂ ಅಷ್ಟೇ, ಏನೂ ನಡೆಯಲಿಲ್ಲ."

ನಡೆದಿದೆಯಲ್ಲ.
ಶೇಂಗಾ ಮಾರುವ ನ್ಯಾಮತನಿಗೆ ಹದಿಮೂರರ ಮಗ್ಗಿ
ನೀವು ಕಲಿಸಿದ್ದು ಈ ಕಂಬದ ಬುಡದಲ್ಲೇ.
ಇಂಟರ್‌ಸಿಟಿ ತಡವಾದ ದಿನ ಹದಿನಾಲ್ಕರದೂ ಆಯಿತು.

ಅವರು ಒಪ್ಪಿದರು. ಗಾಡಿಯ ಸುಳಿವಿರಲಿಲ್ಲ.
ಅದಕ್ಕೇ ಇನ್ನೊಂದು ಕೇಳಿದೆ.

ಹೋದ ವರ್ಷ, ಸಂಜೆ.
ಗೇಟು ಬಿದ್ದಾಗಿದೆ, ಸ್ಟೇಷನ್ನಿಗೆ ನಂಬರು ಕೊಟ್ಟಾಗಿದೆ,
ಗಾಡಿ ತಿರುವಿನಲ್ಲಿ ಕಾಣುತ್ತಿದೆ. ಆಗ ಆಂಬುಲೆನ್ಸು ಬಂತು.
ಡ್ರೈವರು ಬೈಯಲಿಲ್ಲ. ಇಳಿದು ಬಂದು
ನನ್ನ ಪಕ್ಕ ನಿಂತು, ಅವನೂ ಹಳಿ ನೋಡಿದ.
ಹಿಂದಿನ ಕಿಟಕಿಯಲ್ಲಿ ಒಂದು ಕೈ, ಬಾಟಲಿ ಎತ್ತಿ ಹಿಡಿದದ್ದು.
ನಾಲ್ಕು ನಿಮಿಷ.
ಆಮೇಲೆ ಎತ್ತಿದೆ, ಹೋಯಿತು.
ಒಳಗಿದ್ದವರು ಯಾರು, ಏನಾದರು, ಗೊತ್ತಿಲ್ಲ.
ಪೇಪರಿನಲ್ಲಿ ಒಂದು ವಾರ ನಿಧನದ ಪುಟ ನೋಡಿದೆ,
ಮುಖ ಗೊತ್ತಿಲ್ಲದೆ ಎಷ್ಟು ಅಂತ ನೋಡುವುದು.

ಆ ನಾಲ್ಕನ್ನು ಎಷ್ಟರಿಂದ ಭಾಗಿಸಬೇಕು ಮೇಷ್ಟ್ರೇ?

ಅವರು ಮೂವತ್ತರ ಕೆಳಗೆ ನಾಲ್ಕು ಅಂತ ಬರೆದರು.
ಅಡಿಯಲ್ಲಿ ಗೆರೆ ಎಳೆಯಲು ಕೈ ಹೋಯಿತು,
ಎಳೆಯಲಿಲ್ಲ.
ಗಾಡಿ ಬಂತು. ಹಸಿರು ಬಾವುಟ ಹಿಡಿದೆ.
ಗೇಟು ಎತ್ತುವಷ್ಟರಲ್ಲಿ ಹಿಂದಿನವರೆಲ್ಲ ಅವರ ಲೂನಾಕ್ಕೆ ಹಾರ್ನು ಹೊಡೆಯುತ್ತಿದ್ದರು.

ಮರುದಿನ ಒಂದು ಸ್ಟೀಲ್ ಡಬ್ಬಿ ಕೊಟ್ಟು ಹೋದರು.
"ಕಜ್ಜಾಯ. ಅಧಿಕ ಮಾಸಕ್ಕೆ ಮೂವತ್ತಮೂರು ಕೊಡಬೇಕು, ಅಳಿಯನಿಗೆ.
ನನಗೆ ಅಳಿಯ ಇಲ್ಲ."

ರಾತ್ರಿ ಗೂಡ್ಸು ಹೋದ ಮೇಲೆ ಎಣಿಸಿದೆ.
ಇಪ್ಪತ್ತೊಂಬತ್ತು.
ಮತ್ತೆ ಎಣಿಸಿದೆ.
ಡಬ್ಬಿ ತೊಳೆದು ವಾಪಸ್ಸು ಕೊಡುವಾಗ
ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.